ಮುಳ್ಳುಗೂದಲ ವೀರನ ದನಿ

ಎಲ್ಲದಕ್ಕೂ ಕಾರಣ ಬಚ್ಚಲುಮನೆ. ಅಲ್ಲಿ ಕೆಮ್ಮಿದರೂ ಗುಡುಗಿದಂತೆ ಕೇಳುತ್ತದೆ ಎಂಬುದನ್ನು ಅವನು ಅಂದು ಬೆಳಿಗ್ಗೆ ಕಂಡುಹಿಡಿದ.

ಕಾರ್ಟೂನುಗಳಿಗೆ ದನಿ ಕೊಡುವುದು ಅವನ ಕಸುಬು. ವರ್ಷಗಳೇ ಕಳೆದರೂ ನಾಯಕನಿಗಿರಲಿ, ನಾಯಕನ ನಾಯಿಗೂ ಅವನ ಗಂಟಲು ಒದಗಿರಲಿಲ್ಲ. ಪೇಟೆಗೆ ಬೆಂಕಿ ಬಿದ್ದಾಗ ‘ಅಯ್ಯೋ, ಓಡಿ’ ಎನ್ನುವವರಲ್ಲಿ ಇವನೊಬ್ಬ. ಹಾಗಾಗಿ ಸ್ಟುಡಿಯೋದವರು ಅವನನ್ನು ಗುಂಪಪ್ಪ ಎಂದೇ ಕರೆಯುತ್ತಿದ್ದರು.

ಅಂಥ ಗುಂಪಪ್ಪನಿಗೆ ಅಂದು ಸಂಜೆ ನಾಯಕನ ಪಾತ್ರದ ಟ್ರಯಲ್ ಇತ್ತು. ಧಾರಾವಾಹಿಯ ಹೆಸರು ‘ಉಲ್ಕಾಕುಮಾರ’. ಜಪಾನಿನ ಅನಿಮೆ ಕಾರ್ಟೂನುಗಳನ್ನು ಅಣಕಿಸಲೆಂದು ಅನಿಮೆಯ ಹಾಗೆಯೇ ಮಾಡಿದ ಧಾರಾವಾಹಿ ಅದು. ನಾಯಕನಿಗೆ ತಟ್ಟೆಯಗಲದ ಕಣ್ಣು, ಮುಳ್ಳುಹಂದಿಯಂಥ ಕೂದಲು, ಬೆನ್ನಿಗೆ ಶಾಲೆಯ ಚೀಲ. ಹೊಡೆಯುವ ಮೊದಲು ಅವನು ಹೊಡೆತದ ಹೆಸರು, ಅದನ್ನು ಕಲಿಸಿದ ಗುರುವಿನ ಹೆಸರು, ಆ ಗುರು ಸತ್ತ ಬಗೆ, ಎಲ್ಲವನ್ನೂ ವಿವರಿಸುತ್ತಾನೆ. ಶತ್ರುವಾದ ಕತ್ತಲರಾಣಿ ಅಷ್ಟು ಹೊತ್ತೂ ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಾಳೆ.

ಹೆಂಡತಿ ಆಫೀಸಿಗೆ ಹೊರಡುವಾಗ, “ರೀ, ಕಿಟಕಿ ಮುಚ್ಕೊಂಡು ಕೂಗಿ. ಮೇಲಿನ ಮನೆ ಡ್ರಿಲ್ ಮೇಷ್ಟ್ರಿಗೆ ಬೇರೆ ಕೆಲಸ ಇಲ್ಲ,” ಎಂದಿದ್ದಳು. ಗುಂಪಪ್ಪ ಕಿಟಕಿ ಮುಚ್ಚಿದ. ಬಚ್ಚಲಿನ ಗವಾಕ್ಷಿ ನೆನಪಾಗಲಿಲ್ಲ.

“ಮುಗೀತು ನಿನ್ನ ಆಟ! ಈ ನೆಲಾನ ನಿನ್ನ ರಕ್ತದಲ್ಲೇ ತೊಳೀತೀನಿ!” ಎಂದು ಮಧ್ಯಾಹ್ನ ಬಚ್ಚಲಿನಲ್ಲಿ ನಿಂತು ಗರ್ಜಿಸಿದ. ಎದುರು ಮಾತಾಡಲು ಜನವಿಲ್ಲದ್ದರಿಂದ ಕತ್ತಲರಾಣಿಯೂ ತಾನೇ ಆಗಿ, “ಬೇಡ! ನನ್ನ ಕೊಲ್ಲಬೇಡ!” ಎಂದು ಹೆಣ್ಣುದನಿಯಲ್ಲಿ ಕಿರುಚಿದ. ಕಿರುಚಾಟ ಎಷ್ಟು ಚೆನ್ನಾಗಿ ಬಂತೆಂದರೆ, ಖುಷಿಗೆ ಇನ್ನೆರಡು ಸಲ ಕಿರುಚಿದ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆರೆದರೆ ಡ್ರಿಲ್ ಮೇಷ್ಟ್ರು, ಮನೆಯ ಓನರಮ್ಮ, ಹಿಂದೆ ಒಬ್ಬ ಪೊಲೀಸ್ ಹವಾಲ್ದಾರ. ಗುಂಪಪ್ಪನ ಹೆಗಲ ಮೇಲೆ ವೀರನ ಹೊದಿಕೆಯೆಂದು ಕಟ್ಟಿಕೊಂಡಿದ್ದ ಕೆಂಪು ಟವೆಲ್ಲು, ಕೈಯಲ್ಲಿ ಕತ್ತಿಯೆಂದು ಹಿಡಿದಿದ್ದ ಬಚ್ಚಲು ಉಜ್ಜುವ ಬ್ರಷ್ಷು.

“ಹೆಂಡ್ತಿ ಎಲ್ಲಿ?” ಎಂದ ಹವಾಲ್ದಾರ.

“ಆಫೀಸಿಗೆ ಹೋದ್ಲು ಸಾರ್.”

“ಮತ್ತೆ ಕಿರುಚಿದ್ದು ಯಾರು?”

“ನಾನೇ.”

“ಬ್ರಷ್ ನೋಡಿ ಸಾರ್,” ಮೇಷ್ಟ್ರು ಉಸಿರು ಬಿಗಿಹಿಡಿದು ಹೇಳಿದರು. “ನೆಲ ತೊಳೆದೂ ಆಗಿದೆ!”

ಹೆಂಡತಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವಳು ಮೀಟಿಂಗಿನಲ್ಲಿದ್ದಳು, ಇವರ ಪಾಲಿಗೆ ಹೆಣವಾಗಿದ್ದಳು. ಬೇರೆ ದಾರಿ ಕಾಣದೆ ಗುಂಪಪ್ಪ, ಅಭ್ಯಾಸಕ್ಕೆಂದು ಸ್ಟುಡಿಯೋದವರು ಕೊಟ್ಟಿದ್ದ ಧಾರಾವಾಹಿಯ ಮೊದಲ ಕಂತನ್ನೇ ಟೀವಿಗೆ ಹಾಕಿದ. ದನಿ ಇನ್ನೂ ಸೇರಿರಲಿಲ್ಲ, ಮಾತುಗಳು ಕೆಳಗೆ ಅಕ್ಷರದಲ್ಲಿ ಬರುತ್ತಿದ್ದವು. ಮೂವರೂ ಅನುಮಾನದಿಂದಲೇ ಕುಳಿತರು. ಕುಳಿತವರು ಏಳಲಿಲ್ಲ.

“ಒಳ್ಳೆ ಅಂಶ ಏನಪ್ಪಾ ಅಂದ್ರೆ,” ಹವಾಲ್ದಾರ ಟೋಪಿ ತೆಗೆದಿಟ್ಟು ಹೇಳಿದ, “ಹೊಡೆಯೋಕೆ ಮುಂಚೇನೇ ತಾನಾಗಿ ಎಲ್ಲಾ ಬಾಯಿಬಿಡ್ತಾನೆ. ನಮಗೆ ಇಂಥೋರು ಸಿಗೋದೇ ಇಲ್ಲ.”

ಓನರಮ್ಮ ಒಪ್ಪಲಿಲ್ಲ. “ಲೋಕ ಮುಳುಗ್ತಿರೋವಾಗ ಶಾಲೆ ಹುಡುಗನ್ನ ಕಳಿಸ್ತಾರಲ್ಲ, ದೊಡ್ಡೋರು ಯಾರೂ ಇಲ್ವಾ? ಆ ತಲೆಗೊಂದು ಬಾಚಣಿಗೆ ಹಾಕೋರೂ ಇಲ್ಲ!”

“ಅದು ಅಣಕ ಅಮ್ಮಾ. ನಿಜವಾದ ಅನಿಮೆಗಳಲ್ಲಿ ಹಾಗಿರುತ್ತೆ, ಅದನ್ನ ತಮಾಷೆ ಮಾಡಿದಾರೆ.”

“ನಿಜವಾದ್ದನ್ನ ನೋಡದೇ ಇರೋರು ಎಲ್ಲಿ ನಗಬೇಕಪ್ಪ?”

ಅಷ್ಟರಲ್ಲಿ ಗುರು ಸಾಯುವ ದೃಶ್ಯ ಬಂತು. ಗುರು ಪ್ರಾಣ ಬಿಟ್ಟ, ಹೇಳುವುದು ಬಾಕಿ ಉಳಿಯಿತೆಂದು ಎದ್ದು ಉಪದೇಶ ಮಾಡಿ ಮತ್ತೆ ಪ್ರಾಣ ಬಿಟ್ಟ, ಇನ್ನೊಮ್ಮೆ ಎದ್ದ. ಡ್ರಿಲ್ ಮೇಷ್ಟ್ರು ಗುಂಪಪ್ಪನ ಹೆಗಲ ಟವೆಲ್ಲಿನಲ್ಲಿ ಮುಖವಿಟ್ಟು ಬಿಕ್ಕತೊಡಗಿದರು.

“ಮೇಷ್ಟ್ರೇ, ಅದು ನಗೋ ಜಾಗ!”

“ನಗಿಸ್ತೀನಿ ಅಂತ ಹೊರಟು ಅಳಿಸಿಬಿಟ್ನಲ್ಲ, ಅದೇ ಕಣಯ್ಯ ಇದರ ಶಕ್ತಿ!”

“ಅದೇ ದೌರ್ಬಲ್ಯ!” ಓನರಮ್ಮ ಎದ್ದು ನಿಂತರು. “ತಮಾಷೆ ಮಾಡೋಕೆ ಬಂದೋನು ಅದನ್ನೇ ಮರೆತು ಕೂತ್ರೆ ಇನ್ನೇನು ಉಳೀತು?”

ಮಾತಿಗೆ ಮಾತು ಬೆಳೆಯಿತು. ಟ್ರಯಲ್ಲಿನ ಹೊತ್ತು ಹತ್ತಿರವಾಗುತ್ತಿತ್ತು. ಜವಾಬ್ದಾರಿಯುತ ಮನುಷ್ಯನೊಬ್ಬ ಪರವಾಗಿ ಹೇಳುವವರೆಗೆ ಬಿಡುವುದಿಲ್ಲವೆಂದ ಹವಾಲ್ದಾರ. ಗುಂಪಪ್ಪ ನಿರ್ದೇಶಕರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಹೌದು ಸಾರ್, ಅವನು ನಮ್ಮೋನೇ. ಇರುವೆ ತುಳಿದ್ರೂ ಕ್ಷಮೆ ಕೇಳೋ ಜನ...” ನಿರ್ದೇಶಕರು ಹೇಳುತ್ತಿದ್ದಂತೆ ಹಿಂದಿನಿಂದ ಓನರಮ್ಮ ಗುಡುಗಿದರು: “ಸಾಯೋದಾದ್ರೆ ಒಂದೇ ಸಲ ಸಾಯ್ಬೇಕು ಮೇಷ್ಟ್ರೇ! ಮೂರು ಮೂರು ಸಲ ಸಾಯೋನು ಗುರುನಾ?”

ಕಿಟಕಿಯ ಗಾಜು ನಡುಗಿತು. ನಿರ್ದೇಶಕರು ತಮ್ಮ ಮಾತು ಬಿಟ್ಟು ಕೇಳಿದರು:

“ಯಾರಪ್ಪಾ ಅದು?”

“ನಮ್ಮ ಓನರಮ್ಮ ಸಾರ್. ತಪ್ಪು ತಿಳ್ಕೋಬೇಡಿ.”

“ತಪ್ಪಾ? ಅನಿಮೆ ಹುಡುಗರಿಗೆ ಎಷ್ಟೋ ಸಲ ಹೆಂಗಸರೇ ದನಿ ಕೊಡೋದು ಕಣೋ! ಇಂಥ ಗಂಟಲಿಗೆ ಎಷ್ಟು ದಿನದಿಂದ ಹುಡುಕ್ತಿದೀನಿ! ಈಗಲೇ ಕರ್ಕೊಂಡು ಬಾ.”

“ನನ್ನ ಟ್ರಯಲ್ ಸಾರ್...”

ಫೋನ್ ಕಟ್ಟಾಗಿತ್ತು.

ಹವಾಲ್ದಾರನ ಜೀಪಿನಲ್ಲಿ ನಾಲ್ವರೂ ಹೊರಟರು. ದಾರಿಯಲ್ಲಿ ಹೆಂಡತಿ ಫೋನ್ ಮಾಡಿ ತಾನು ಬದುಕಿರುವುದನ್ನು ತಿಳಿಸಿದಳು. ಅಷ್ಟು ಹೊತ್ತಿಗೆ ಆ ವಿಷಯದಲ್ಲಿ ಯಾರಿಗೂ ಆಸಕ್ತಿ ಉಳಿದಿರಲಿಲ್ಲ.

ಆದರೆ ಮೈಕಿನ ಮುಂದೆ ನಿಂತ ಓನರಮ್ಮ ಇಲಿಮರಿಯಾದರು. ‘ಮುಗೀತು ನಿನ್ನ ಆಟ’ ಎಂಬುದನ್ನು ಔಷಧಿ ಚೀಟಿ ಓದುವಂತೆ ಓದಿದರು. ನಿರ್ದೇಶಕರು ತಲೆ ಹಿಡಿದುಕೊಂಡು ಕುಳಿತರು. ಹೊರಗಿದ್ದ ಗುಂಪಪ್ಪನ ಎದೆಯಲ್ಲಿ ಆಸೆ ಚಿಗುರಿತು. ಗಂಟಲು ಸರಿಮಾಡಿಕೊಂಡು ಬಾಗಿಲು ದೂಡಿ ತಲೆ ಒಳಗಿಟ್ಟ. “ಸಾರ್, ನಾನೊಂದ್ಸಲ...”

ಅವನ ಮುಖ ಕಂಡದ್ದೇ ತಡ, ಓನರಮ್ಮನ ಕಣ್ಣು ಕೆಂಪಾದವು. “ಬಾಗಿಲು ದಬ್ಬಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಮೊನ್ನೆ ನಲ್ಲಿ ಮುರಿದೆ, ನಿನ್ನೆ ಗೇಟು, ಇವತ್ತು ನನ್ನ ಮಧ್ಯಾಹ್ನದ ನಿದ್ದೆ!”

ದನಿ ಅಳೆಯುವ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ಹಾರಿತು. ನಿರ್ದೇಶಕರೂ ಹಾರಿ ಎದ್ದರು. “ಅದೇ! ಅದೇ ಬೆಂಕಿ ಬೇಕಾಗಿತ್ತು!” ಎನ್ನುತ್ತಾ ಗುಂಪಪ್ಪನ ತೋಳು ಹಿಡಿದು ದನಿಕೋಣೆಯೊಳಗೆ ಕರೆತಂದು, ಮೈಕಿನಾಚೆ, ಓನರಮ್ಮನ ಎದುರಿಗೆ ನಿಲ್ಲಿಸಿದರು. “ಇಪ್ಪತ್ತಾರು ಕಂತು ಮುಗಿಯೋವರೆಗೂ ಹೀಗೇ, ಇಲ್ಲೇ ನಿಂತ್ಕೋಬೇಕು. ಮುಖ ತೋರಿಸಿದ್ರೆ ಸಾಕು.”

“ಸಾರ್, ನಾನು ದನಿಕಲಾವಿದ...”

“ಶ್ಶ್!” ಎಂದರು ಓನರಮ್ಮ. “ರೆಕಾರ್ಡಿಂಗ್ ನಡೀತಿದೆ, ಗೊತ್ತಾಗಲ್ವಾ?”