ವೃತ್ತದೊಳಗೆ ಮುಖ

ನನ್ನ ಮುಖ ಎಲ್ಲಿದೆ ಎಂದು ನನಗೆ ಸುಮಾರಾಗಿ ಗೊತ್ತು. ಇಷ್ಟು ವರ್ಷ ಅದನ್ನು ತೊಳೆದು, ಒರೆಸಿ, ಕ್ಷೌರ ಮಾಡಿಸಿಕೊಂಡು ಬಂದವನು ನಾನೇ, ನೋಡಿಲ್ಲ ಅಷ್ಟೆ. ಹುಟ್ಟುಕುರುಡ. ಆದರೆ ಆ ಮುಖ ವೃತ್ತದ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿದರೆ ಏನು ಹೇಳಲಿ?

ಹಾಗೆ ಕೇಳಿದ್ದು ನಮ್ಮ ಆಫೀಸಿನ ಹಾಜರಾತಿ ಆ್ಯಪ್. ರಾಯಚೂರಿನಿಂದ ದಿನಾ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲೊಂದು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ನನ್ನದು. ಕಣ್ಣಿಲ್ಲದವನಿಗೆ ಊಟ ಹಾಕಿದರೆ ಸಾಕು, ನೌಕರಿ ಯಾಕೆ ಎನ್ನುತ್ತಿದ್ದ ಮಾನ್ವಿ ಊರಿನ ನಮ್ಮ ಬಂಧುಗಳ ಬಾಯಿ ಮುಚ್ಚಿಸಿದ್ದು ಈ ಕೆಲಸವೇ. ನನ್ನ ಮೊಬೈಲು ಪರದೆಯ ಮೇಲಿದ್ದುದನ್ನೆಲ್ಲ, ಹೆಂಡತಿಯ ಮೆಸೇಜನ್ನೂ, ಗಟ್ಟಿಯಾಗಿ ಓದುತ್ತದೆ. ನಮ್ಮ ಮನೆಯ ಜಗಳವೆಲ್ಲ ಬಸ್ಸಿಗೇ ಗೊತ್ತು. ಈ ಆ್ಯಪ್ ತೆರೆದರೆ ಮಾತ್ರ 'ಬಟನ್, ಬಟನ್' ಎಂದು ಸುಮ್ಮನಾಗಿಬಿಡುತ್ತದೆ. ಯಾತರ ಬಟನ್ ಎಂದು ಮಾಡಿದವರು ಅದಕ್ಕೆ ಹೇಳಿಕೊಟ್ಟಿಲ್ಲ. ಪರದೆಯ ಮೇಲಿನ ವೃತ್ತದೊಳಗೆ ಮುಖ ಸಿಗದಿದ್ದರೆ ಆ ದಿನ ಗೈರುಹಾಜರಿ.

ಹೀಗಾಗಿ ನನ್ನ ಮುಖದ ಜವಾಬ್ದಾರಿ ಆಫೀಸಿನಲ್ಲಿ ಜವಾನ ಕೆಲಸ ಮಾಡುವ ಗಂಗಮ್ಮನ ಮೇಲೆ ಬಿತ್ತು. ಕುರಿ ಸಾಕುವ ಮನೆಯವಳು. ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಹಾಗೆ ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದಳು.

“ಸ್ವಲ್ಪ ಮ್ಯಾಲೆತ್ರಿ ಸರ. ಕಣ್ಣು ಮಿಟಕಸ್ರಿ ಅನ್ನಾಕತ್ತದ.”

ಮಿಟುಕಿಸಿದೆ. ಅದಕ್ಕೆ ಸಮಾಧಾನವಾಗಲಿಲ್ಲ. ಕಪ್ಪು ಕನ್ನಡಕ ತೆಗೆಯಬೇಕಂತೆ. ಮನೆಯಲ್ಲೂ ತೆಗೆಯದ ಕನ್ನಡಕವನ್ನು ಎಲ್ಲರೆದುರು ತೆಗೆದು ನಿಂತೆ. ಸುತ್ತ ನಿಂತವರು ಒಂದೊಂದು ಸಲಹೆ ಕೊಟ್ಟರು. ನನಗೆ ಅಳು ಬಂದಿತ್ತು. ಆ್ಯಪ್ ಅದನ್ನೇ ಮಿಟುಕಿಸಿದ್ದು ಎಂದುಕೊಂಡು ಹಾಜರಿ ಹಾಕಿತು.

ಮರುದಿನವೇ ರಾಯಚೂರಿನ ದೊಡ್ಡ ಆಫೀಸಿಗೆ ಹೋದೆ. ಬಟನ್ನಿಗೆ ಹೆಸರಿಡಿ, ಎಡಕ್ಕೆ ಬಲಕ್ಕೆ ಎಂದು ಬಾಯಿಬಿಟ್ಟು ಹೇಳಿಸಿ, ಉಳಿದದ್ದು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವರು ಚಹಾ ಕೊಟ್ಟರು, ಮರುಗಿದರು, ಖಂಡಿತ ಏನಾದರೂ ಮಾಡುತ್ತೇವೆ ಎಂದರು. ಮಾಡಿಯೂ ಮಾಡಿದರು. ಆ್ಯಪಿನಿಂದ ನನ್ನ ಹೆಸರನ್ನೇ ತೆಗೆದುಹಾಕಿದರು. ನನಗೆ ಹಾಜರಾತಿಯಿಂದ ಪೂರ್ತಿ ವಿನಾಯಿತಿ, ಸಂಬಳಕ್ಕೆ ತೊಂದರೆಯಿಲ್ಲ. ಆಫೀಸಿನವರು ನನ್ನ ಪುಣ್ಯ ಹೊಗಳಿ ಪೇಡೆ ಕೇಳಿದರು. ಕೊಡಿಸಿದೆ. ನನ್ನ ಪಾಲಿನ ಪೇಡೆಯನ್ನು ಗಂಗಮ್ಮನಿಗೆ ಕೊಟ್ಟುಬಿಟ್ಟೆ.

ಈಗ ಬೆಳಿಗ್ಗೆ ಗಂಗಮ್ಮ ನನ್ನ ಹತ್ತಿರ ಬರುವುದಿಲ್ಲ. ಪಾಪ, ಅವಳಿಗೆ ಬೇರೆ ಕೆಲಸಗಳಿವೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ನನ್ನ ಮೇಜಿನ ಫೋನಿಗೆ ಯಾರು ಮಾಡಬೇಕು? ಸಂಜೆಯವರೆಗೆ ಕೂತು ಎದ್ದು ಬರುತ್ತೇನೆ.

ಮೊನ್ನೆ ಡಬ್ಬಿ ಕಟ್ಟುತ್ತಾ ಹೆಂಡತಿ ಮೆಲ್ಲಗೆ ಕೇಳಿದಳು:

“ಒಂದಿನ ಹೋಗಲಿಲ್ಲಂದ್ರ ಏನಾಗ್ತದರಿ?”

“ಏನೂ ಆಗೂದಿಲ್ಲ” ಅಂದೆ.

ಅಂದವನು, ತಡವಾದೀತೆಂದು ಅರ್ಧ ಕಾಫಿ ಬಿಟ್ಟು ಎದ್ದೆ.