ಏಳದ ಬೋರ್ಡು

ಅನರ್ಥಕ್ಕೆಲ್ಲ ಕಾರಣ ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡು. ಬೆಳಿಗ್ಗೆ ಎಂಜಿನಿಯರು ಡ್ರಾಯರ್ ಎಳೆದು ನೋಡಿದರೆ ಅದು ಅಲ್ಲಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಯ ಮೊಬೈಲಿನ ಹೊಟ್ಟೆ ಸೇರಿತ್ತು. ಆ ಮನುಷ್ಯನನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದು ‘ಉಪಕಾರಿ’ ಎಂದು.

“ಸುಮ್ನೆ ಬಿದ್ದಿತ್ತಲ್ಲ ಸಾರ್, ಮಗು ಫೋಟೊ ತೆಗೆಯೋಣ ಅಂತ ಹಾಕ್ಕೊಂಡೆ. ಒಳಗೆ ಏನೇನೋ ಕಸ ಇತ್ತು. ಎಲ್ಲಾ ಅಳಿಸಿ ಕ್ಲೀನ್ ಮಾಡಿದೀನಿ, ತಗೊಳ್ಳಿ.”

ಆ ಕಸವೇ ಬೂಟ್‌ಲೋಡರ್! ಕರೆಂಟು ಬಂದೊಡನೆ, ಎಂಜಿನಿಯರು ತಯಾರಿಸುತ್ತಿದ್ದ ಹೊಸ ಸರ್ಕ್ಯೂಟ್ ಬೋರ್ಡನ್ನು ತಟ್ಟಿ ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಅದಿಲ್ಲದ ಬೋರ್ಡು ಬರೀ ಹಸಿರು ಹಲಗೆ. “ಇವತ್ತು ಸಂಜೆಯೊಳಗೆ ಬೋರ್ಡು ಎಬ್ಬಿಸಿ ತೋರಿಸ್ರೀ, ನಿಮ್ಮ ವರ್ಗಾವಣೆಗೆ ಸಹಿ ಹಾಕ್ತೀನಿ” ಎಂದಿದ್ದರು ಸಾಹೇಬರು. ಹೆಂಡತಿ, ಮಗಳು ಇದ್ದ ಊರಿನ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಮಗಳು ಈಚೆಗೆ ಫೋನಿನಲ್ಲಿ ಅಪ್ಪನನ್ನು ‘ನೀವು’ ಎನ್ನತೊಡಗಿದ್ದಳು. ಅದನ್ನು ಕೇಳಿದ ದಿನವೇ ಎಂಜಿನಿಯರು ವರ್ಗಾವಣೆಗೆ ಅರ್ಜಿ ಬರೆದಿದ್ದರು.

ಹಲ್ಲು ಕಚ್ಚಿ ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಕಟ್ಟಲು ಕೂತರು. ಊಟದಿಂದ ಬಂದು, ಸಿದ್ಧವಾದ ಪ್ರೋಗ್ರಾಮನ್ನು ಕಾರ್ಡಿಗೆ ಬರೆದು, ಬೋರ್ಡಿಗೆ ಸಿಕ್ಕಿಸಿ ಕರೆಂಟು ಕೊಟ್ಟರು. ಪರದೆ ಕಪ್ಪಗೆ ಕಪ್ಪು. ಒಂದಕ್ಷರವೂ ಬರಲಿಲ್ಲ.

“ಏಳಲಿಲ್ವಾ ಸಾರ್?” ಉಪಕಾರಿ ಕೊಕ್ಕರೆಯಂತೆ ಕತ್ತು ಚಾಚಿದ. “ನೀವು ಊಟಕ್ಕೆ ಹೋದಾಗ ನಿಮ್ಮ ಪ್ರೋಗ್ರಾಮಿಗೆ ಹೋದ ವರ್ಷದ ಬೋರ್ಡಿನ ಸೆಟ್ಟಿಂಗು ಹಾಕಿದ್ದೆ. ಆ ಬೋರ್ಡು ಚೆನ್ನಾಗಿ ಏಳ್ತಿತ್ತಲ್ಲ!”

“ಅಯ್ಯೋ ಮಾರಾಯ! ಅದೇ ಬೇರೆ, ಇದೇ ಬೇರೆ ಕಣಯ್ಯಾ!”

“ಎರಡೂ ಹಸಿರೇ ಅಲ್ವಾ ಸಾರ್?”

ಇಂಥವರ ಬಾಯಿಗಾದರೆ ಬೀಗ ಹಾಕಬಹುದು, ಕೈಗೇನು ಹಾಕುವುದು? ಎಂಜಿನಿಯರು ಮತ್ತೆ ಎಲ್ಲವನ್ನೂ ಕಟ್ಟಿದರು, ಮತ್ತೆ ಬರೆದರು. ಮತ್ತೆ ಕಪ್ಪು. ಅಷ್ಟರಲ್ಲಿ ಸಾಹೇಬರೇ ಬಂದು ಬೆನ್ನ ಹಿಂದೆ ನಿಂತರು. ವೈರು ಬದಲಾಯಿಸಿದರೂ ಇಲ್ಲ, ಕಾರ್ಡು ಉಜ್ಜಿ ಹಾಕಿದರೂ ಇಲ್ಲ. ಎಂಜಿನಿಯರ ಅಂಗಿ ಬೆವರಿಗೆ ಬೆನ್ನಿಗಂಟಿತು. ಕೊನೆಗೆ ಕಣ್ಣು ಬೋರ್ಡಿನ ಮೂಲೆಗೆ ಹೋಯಿತು. ಕಾರ್ಡಿನಿಂದ ಏಳಬೇಕೋ ಬೇರೆ ಕಡೆಯಿಂದಲೋ ಎಂದು ಬೋರ್ಡಿಗೆ ತಿಳಿಸುವ ಪುಟಾಣಿ ಸ್ವಿಚ್ಚುಗಳೆಲ್ಲ ಒಂದೇ ಸಾಲಿಗೆ ನಿಂತಿದ್ದವು.

“ಇದನ್ನ ಯಾರು ಮುಟ್ಟಿದ್ದು?”

“ನಾನೇ ಸಾರ್. ಒಂದು ಮೇಲೆ, ಒಂದು ಕೆಳಗೆ ಇತ್ತು. ನೋಡೋಕೆ ಚೆನ್ನಾಗಿರಲಿಲ್ಲ.”

ಎಂಜಿನಿಯರು ಪಿನ್ನಿನ ಮೊನೆಯಿಂದ ಒಂದನ್ನು ತಳ್ಳಿದರು. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು.

“ಭೇಷ್!” ಸಾಹೇಬರು ಬೆನ್ನು ತಟ್ಟಿ ಕೋಣೆಗೆ ಕರೆದೊಯ್ದರು. “ಇಷ್ಟೆಲ್ಲ ಕೆಡಿಸಿದ್ದನ್ನೂ ಎಬ್ಬಿಸಿದ್ರಲ್ಲ! ನಿಮ್ಮಂಥವರನ್ನ ಕಳಿಸಿ ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂರಲಾ? ವರ್ಗಾವಣೆ ಮಾತು ಮರೆತುಬಿಡಿ.”

“ಸಾರ್, ಮಾತು ಕೊಟ್ಟಿದ್ರಿ...”

“ಕೊಟ್ಟಿದ್ದೆ. ಏಳುತ್ತೆ ಅಂತ ಆಗ ಯಾರಿಗ್ರೀ ಗೊತ್ತಿತ್ತು?”

“ಮತ್ತೆ ಆ ಶಾಖೆಗೆ?”

“ಅಲ್ಲಿಗೆ ಆ ನಿಮ್ಮ ಉಪಕಾರೀನ ಕಳಿಸ್ತಿದೀನಿ. ಇಲ್ಲಿದ್ರೆ ಇರೋದೂ ಹಾಳಾಗುತ್ತೆ.”

ಎಂಜಿನಿಯರು ಕಾಲೆಳೆಯುತ್ತಾ ಮೇಜಿಗೆ ಬಂದರು. ಸುದ್ದಿ ಆಗಲೇ ಮುಟ್ಟಿತ್ತು. ಉಪಕಾರಿ ಡ್ರಾಯರ್ ಖಾಲಿ ಮಾಡುತ್ತಿದ್ದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

“ನಾಳೇನೇ ಹೊರಡ್ತೀನಿ ಸಾರ್. ನಿಮ್ಮ ಮಗಳಿಗೆ ಏನಾದ್ರೂ ಕೊಡೋದಿದ್ರೆ ಕೊಡಿ, ನಾನೇ ಮನೆಗೆ ಹೋಗಿ ಕೊಡ್ತೀನಿ. ಅಷ್ಟಾದ್ರೂ ಉಪಕಾರ ಮಾಡದಿದ್ರೆ ಹೇಗೆ?”