ಬಾಗಿಲ ಬೆಲ್ಲಿಗೊಂದು ಬಿಂದಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಸ್ಕತ್ತಿನ ಹಮ್ರಿಯಾದ ನಮ್ಮ ಐದು ಮಹಡಿಯ ಕಟ್ಟಡದಲ್ಲಿ ಬಾಗಿಲಿಗೆ ಕ್ಯಾಮೆರಾ ಇರುವ ಬೆಲ್ ಹಾಕಿಸಿದವರಲ್ಲಿ ನಾನೇ ಮೊದಲಿಗಳು. ಹಾಕಿಸಿದವಳೂ ಅಲ್ಲ, ಕೈಯಾರೆ ಹಾಕಿದವಳು. ಮುಂದೆ ಆದದ್ದನ್ನು ಓದಿ ನಗುವವರು ಈ ಸಾಲನ್ನು ನೆನಪಿಟ್ಟುಕೊಂಡು ನಗಬೇಕು.

ಖಾಸಗಿತನ ಕಾಪಾಡುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಮಸ್ಕತ್ತಿನಲ್ಲಿ ಇಲ್ಲ. ಮನೆಯ ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಗೆ ನನ್ನ ಮೆರೂನ್ ಬಿಂದಿ ಅಂಟಿಸಿದ್ದೇನೆ. ಮಗಳ ಟ್ಯಾಬಿಗೂ ಬಿಂದಿ. ನಮ್ಮವರ ಆಫೀಸಿನ ಲ್ಯಾಪ್‌ಟಾಪಿಗೂ ಬಿಂದಿ. ಮೀಟಿಂಗಿನಲ್ಲಿ ಮುಖದ ಬದಲು ಬರೀ ಕತ್ತಲೆ ಕಂಡಿತೆಂದು ಮ್ಯಾನೇಜರು ಅವರಿಗೆ ಬೈದದ್ದು ಬೇರೆ ಕತೆ. ಒಮ್ಮೆ ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬ ಒಟಿಪಿ ಕೇಳಿದ. ನಾನು ಅವನನ್ನು ಅರ್ಧ ಗಂಟೆ ಫೋನಿನಲ್ಲಿ ಹಿಡಿದಿಟ್ಟು, ಅವನ ತಾಯಿಯ ಸಕ್ಕರೆ ಕಾಯಿಲೆಯವರೆಗೂ ವಿಚಾರಿಸಿದೆ. ಕೊನೆಗೆ ಅವನೇ "ದೀದಿ, ಮಾಫ್ ಕರೋ" ಎಂದು ಫೋನ್ ಇಟ್ಟ. ನಮ್ಮ ಊರಿನ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಇಂಥ ಎಚ್ಚರಿಕೆಗಳನ್ನು ಬರೆಯುವ ಜವಾಬ್ದಾರಿ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು.

ಇಂಥ ನನ್ನ ಮನೆಬಾಗಿಲಿನಿಂದಲೇ ಒಂದು ಪಾರ್ಸೆಲ್ ಕಾಣೆಯಾಯಿತು. ಊರಿನಿಂದ ಬಂದ ಹಲಸಿನ ಹಪ್ಪಳ. ನಾನು ರೂವಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವವಳು, ಹಗಲು ಮನೆಯಲ್ಲಿರುವುದಿಲ್ಲ. ತಂದವನು ಬಾಗಿಲಲ್ಲಿ ಇಟ್ಟು ಹೋಗಿದ್ದಾನೆ, ಸಂಜೆ ನೋಡಿದರೆ ಇಲ್ಲ. ಎರಡು ದಿನ ಕಟ್ಟಡದವರ ಮೇಲೆಲ್ಲ ಒಬ್ಬೊಬ್ಬರಾಗಿ ಸಂಶಯಪಟ್ಟೆ. ಮೂರನೇ ದಿನ ಎದುರು ಮನೆಯ ಝೊಹರಕ್ಕ ಪಾರ್ಸೆಲ್ ತಂದುಕೊಟ್ಟರು. ಯಾರಾದರೂ ಒಯ್ದಾರು ಎಂದು ಒಳಗಿಟ್ಟು, ಹೇಳಲು ಮರೆತಿದ್ದರಂತೆ.

ಅಲ್ಲಿಗೆ ಸಮಸ್ಯೆ ಮುಗಿದಿತ್ತು. ಬುದ್ಧಿ ಇದ್ದವರು ಹಪ್ಪಳ ಹುರಿದು ತಿನ್ನುತ್ತಿದ್ದರು. ನಾನು ಬೆಲ್ ತರಿಸಿದೆ.

ಝೊಹರಕ್ಕನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಉಳ್ಳಾಲದ ಬ್ಯಾರಿಗಳು, ಗಂಡನಿಗೆ ರೂವಿಯಲ್ಲಿ ಬಟ್ಟೆ ಅಂಗಡಿ. ಹನ್ನೊಂದು ವರ್ಷದಿಂದ ಎದುರುಬದುರು ಬಾಗಿಲು. ಅವರು ನನ್ನನ್ನು ವಾರಿಜಕ್ಕ ಎನ್ನುತ್ತಾರೆ, ನಾನು ಅವರನ್ನು ಝೊಹರಕ್ಕ ಎನ್ನುತ್ತೇನೆ. ಯಾರು ದೊಡ್ಡವರು ಎಂದು ಇಬ್ಬರೂ ಪಾಸ್‌ಪೋರ್ಟ್ ತೆಗೆದು ನೋಡಿಲ್ಲ. ನಮ್ಮಿಬ್ಬರ ನಡುವೆ ಎರಡು ಸ್ಟೀಲ್ ತಟ್ಟೆಗಳು ಓಡಾಡುತ್ತವೆ. ನನ್ನದರ ಅಂಚಿನಲ್ಲಿ ಮಂಗಳೂರಿನ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ನನ್ನ ಹೆಸರಿದೆ, ಅವರದರಲ್ಲಿ ಅವರ ಹೆಸರು. ನಮ್ಮಿಂದ ಪತ್ರೊಡೆ ಹೋದರೆ ಅದೇ ತಟ್ಟೆಯಲ್ಲಿ ಅಲ್ಲಿಂದ ಏನಾದರೂ ಬರುತ್ತದೆ. ಏನೂ ಇಲ್ಲದ ದಿನ ನಾಲ್ಕು ಖರ್ಜೂರವಾದರೂ ಸರಿ. ತಟ್ಟೆ ಖಾಲಿ ಮರಳುವುದೆಂಬುದು ಹನ್ನೊಂದು ವರ್ಷದಲ್ಲಿ ಆಗಿಲ್ಲ. ಸೋಮವಾರ ನಾವು ಮೀನು ಮಾಂಸ ಮುಟ್ಟುವುದಿಲ್ಲ ಎಂಬುದು ನಮ್ಮವರಿಗೇ ಕೆಲವೊಮ್ಮೆ ಮರೆಯುತ್ತದೆ, ಝೊಹರಕ್ಕನಿಗೆ ಮರೆತದ್ದಿಲ್ಲ. ಸೋಮವಾರ ಅಲ್ಲಿಂದ ಬರುವುದು ಕಲ್ತಪ್ಪ. ಅಕ್ಕಿ, ಬೆಲ್ಲ, ತೆಂಗಿನಕಾಯಿಯದ್ದು, ಮೇಲೆ ಹುರಿದ ಈರುಳ್ಳಿ.

ಬೆಲ್ ಡಬ್ಬಿಯಿಂದ ಹೊರಬಂದ ದಿನ ನಮ್ಮವರು ಒಂದೇ ಒಂದು ಪ್ರಶ್ನೆ ಕೇಳಿದರು. "ಇದರಲ್ಲಿ ಝೊಹರಕ್ಕನ ಬಾಗಿಲು ಸೀದಾ ಕಾಣ್ತದಲ್ಲ, ಅವರಿಗೆ ಒಂದು ಮಾತು ಹೇಳಿದ್ದೀಯಾ?"

"ನನ್ನ ಬಾಗಿಲು, ನನ್ನ ಬೆಲ್," ಎಂದೆ. "ಅವರಿಗೆ ಹೇಳುದು ಎಂತಕ್ಕೆ?"

ನಮ್ಮವರು ಮತ್ತೆ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಗಳಿಸಿದ ಆಸ್ತಿಯೆಂದರೆ ಆ ಮೌನ.

ಗೋಡೆ ಕೊರೆಯಲು ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು, ಆದ್ದರಿಂದ ಎರಡೂ ಕಡೆ ಅಂಟುವ ಟೇಪಿನಲ್ಲಿ ಅಂಟಿಸಿದೆ. ಮೊದಲ ಸಲ ತಲೆಕೆಳಗಾಗಿ ಅಂಟಿತು. ಸಂಜೆ ಮನೆಗೆ ಬಂದ ನಮ್ಮವರು ಫೋನಿನಲ್ಲಿ ಬಾವಲಿಯಂತೆ ಸೀಲಿಂಗಿನಿಂದ ನೇತಾಡುತ್ತಿದ್ದರು. ಕಿತ್ತು ಸರಿಯಾಗಿ ಅಂಟಿಸುವಾಗ ಒಂದು ಅಂಗೈಯಷ್ಟು ಬಣ್ಣ ಗೋಡೆಯಿಂದ ಎದ್ದು ಬಂತು. ಬೆಲ್ಲಿನ ಹಿಂದೆ ಅದು ಕಾಣುವುದಿಲ್ಲ. ಈ ವಿಷಯ ನೆನಪಿರಲಿ.

ಇನ್ನು ಆಪಿನ ಕತೆ, ಅಂಟಿಸುವ ಮೊದಲೇ ಫೋನಿಗೆ ಹಾಕಿದ್ದು. ಅದು ಒಂದೊಂದೇ ಕೇಳತೊಡಗಿತು. ನಿಮ್ಮ ಫೋಟೊ ನೋಡಬಹುದೇ, ನಿಮ್ಮ ನಂಬರುಗಳನ್ನು ಓದಬಹುದೇ, ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ, ಮೈಕ್ ಸದಾ ತೆರೆದಿಡಬಹುದೇ. "ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ, ಓದಿ ನೋಡಿ ಒತ್ತಿ" ಎಂದು ಗುಂಪಿನಲ್ಲಿ ಹದಿನೈದು ಸಲ ಬರೆದವಳು ನಾನು. ಆದರೆ ನನಗೆ ಬೇಗ ಚಿತ್ರ ನೋಡಬೇಕಿತ್ತು. ಮದುವೆ ಊಟದಲ್ಲಿ ಬಡಿಸುವವನಿಗೆ ತಲೆಯಾಡಿಸಿದಂತೆ ಎಲ್ಲದಕ್ಕೂ ಹೂಂ ಎಂದೆ.

ಚಿತ್ರ ಬಂತು. ಏನು ಸ್ಪಷ್ಟತೆ! ಝೊಹರಕ್ಕನ ಬಾಗಿಲ ಮುಂದಿನ ಚಪ್ಪಲಿಗಳನ್ನು ಎಣಿಸಬಹುದಿತ್ತು. ಎಣಿಸಿದೆ.

ಅಂದಿನಿಂದ ಕ್ಲಿನಿಕ್ಕಿನಲ್ಲಿ ಪುರುಸೊತ್ತಾದಾಗಲೆಲ್ಲ ಆಪ್ ತೆರೆಯುವುದೇ ಕೆಲಸವಾಯಿತು. ನನಗೊಂದು ಅಭ್ಯಾಸವಿದೆ, ನೋಡಿದ್ದನ್ನು ಬಾಯಿಯಲ್ಲಿ ಹೇಳದೆ ನೋಡಲು ಬರುವುದಿಲ್ಲ. ಟಿವಿಯ ಮುಂದೆಯೂ ಹಾಗೆಯೇ. "ಈ ಮೂರನೇ ಮಹಡಿಯವಳು ಲಿಫ್ಟ್ ಬಿಟ್ಟು ಇಲ್ಲಿ ಎಂತ ಮಾಡ್ತಾಳೆ", "ವಾಚ್‌ಮನ್ ಭಾಯಿ ಮೂಲೆ ಬಿಟ್ಟೇ ಗುಡಿಸುದು", ಹೀಗೆ ನನ್ನಷ್ಟಕ್ಕೆ ನಾನು ವೀಕ್ಷಕ ವಿವರಣೆ ಕೊಡುತ್ತಿದ್ದೆ. ನಡುವೆ ರೋಗಿಗಳಿಗೆ "ನೆಕ್ಸ್ಟ್" ಎಂದು ಕೂಗುವುದೂ ಇತ್ತು.

ಎರಡೇ ವಾರದಲ್ಲಿ ಫಲ ಕಂಡಿತು. ವಾಚ್‌ಮನ್ ಭಾಯಿ ನಮ್ಮ ಬಾಗಿಲ ಮುಂದೆ ಬಂದರೆ ಬೆಲ್ಲಿಗೆ ಸಲಾಂ ಹೊಡೆದು, ಮೂಲೆಗಳನ್ನು ಎರಡೆರಡು ಸಲ ಗುಡಿಸುತ್ತಿದ್ದ. ಮೂರನೇ ಮಹಡಿಯವಳು ನಮ್ಮ ಬಾಗಿಲು ದಾಟುವಾಗ ಓಡುತ್ತಿದ್ದಳು. ಲಿಫ್ಟಿನಿಂದ ಇಳಿದವರು ಬೆಲ್ ಕಂಡೊಡನೆ ಮಾತು ನಿಲ್ಲಿಸಿ, ಸೆರಗು ಕಾಲರು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಇದನ್ನು ಶಿಸ್ತು ಎನ್ನುತ್ತಾರೆ. ಒಂದು ಯಂತ್ರದಿಂದ ಇಡೀ ಮಹಡಿಗೆ ಶಿಸ್ತು ತಂದ ಬಗೆಯನ್ನು ನಾನು ಗುಂಪಿನಲ್ಲಿ ಸವಿಸ್ತಾರವಾಗಿ ಬರೆದೆ. ಮೂವತ್ತೆರಡು ಮಂದಿ ಹೆಬ್ಬೆರಳು ಹಾಕಿದರು.

ಝೊಹರಕ್ಕನಲ್ಲಿಯೂ ಒಂದು ಬದಲಾವಣೆ ಕಂಡೆ. ಮೊದಲೆಲ್ಲ ಮನೆಯ ಮ್ಯಾಕ್ಸಿಯಲ್ಲೇ, ತಲೆ ಬರಿದು ಬಿಟ್ಟುಕೊಂಡು, ಬಾಗಿಲು ತೆರೆದಿಟ್ಟು ನನ್ನೊಡನೆ ಹರಟುತ್ತಿದ್ದವರು ಈಗ ಚಪ್ಪಲಿ ಎತ್ತಿಡಲು ಬಂದರೂ ಶಾಲು ಹೊದ್ದು ಬರುತ್ತಿದ್ದರು. ಇವರಿಗೇನು ಶೀತವಾಗಿದೆಯೋ ಎಂದುಕೊಂಡೆ. ನನ್ನ ಯೋಚನೆ ಅಷ್ಟೇ ದೂರ ಹೋದದ್ದು.

ಆ ಸೋಮವಾರ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ, ಬಾಗಿಲ ಮುಂದೆ ಯಾರೋ ಬಂದರೆಂದು ಫೋನ್ ಗುಂಯ್ ಎಂದಿತು. ತೆರೆದು ನೋಡಿದೆ. ಝೊಹರಕ್ಕ ನನ್ನ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರು. ಮಗಳು ಶಾಲೆಯಿಂದ ಬಂದಿರುವ ಹೊತ್ತು, ಅವಳ ಕೈಗೆ ಕೊಟ್ಟು ಹೋಗಲು ಬಂದದ್ದು. ನಾನು ಎಂದಿನಂತೆ ನನ್ನಷ್ಟಕ್ಕೆ ಹೇಳಿಕೊಂಡೆ. "ಅಯ್ಯೋ, ಪುನಃ ಕಲ್ತಪ್ಪ. ಕಳೆದ ವಾರದ್ದೇ ಫ್ರಿಜ್ಜಿನಲ್ಲಿ ಉಂಟು. ಇವರಿಗೆ ಬೇರೆ ಕೆಲಸ ಇಲ್ವಾ."

ಚಿತ್ರದಲ್ಲಿ ಝೊಹರಕ್ಕ ಬೆಲ್ ಒತ್ತಲು ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡರು. ನೇರ ಕ್ಯಾಮೆರಾವನ್ನೇ ನೋಡಿದರು. ಆಮೇಲೆ ತಟ್ಟೆಯೊಂದಿಗೆ ತಿರುಗಿ ಒಳಗೆ ಹೋದರು. ಚಮಚ ಮರೆತಿರಬೇಕು ಎಂದುಕೊಂಡು ನಾನು "ನೆಕ್ಸ್ಟ್" ಎಂದೆ.

ಮರುದಿನ ಅದೇ ಹೊತ್ತಿಗೆ ಮತ್ತೆ ಫೋನ್ ಗುಂಯ್ ಎಂದಿತು. ಝೊಹರಕ್ಕ ಬಂದರು. ಬೆಲ್ ಒತ್ತಲಿಲ್ಲ. ನನ್ನ ತಟ್ಟೆಯನ್ನು ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಹಿಡಿಕೆಗೆ ತೂಗುಹಾಕಿ ಹೋದರು. ಚೀಲ ಹಗುರಾಗಿ ತೂಗಾಡುತ್ತಿತ್ತು. ಅಷ್ಟು ಸ್ಪಷ್ಟವಾದ ಕ್ಯಾಮೆರಾವನ್ನು ದುಡ್ಡು ಕೊಟ್ಟು ತಂದದ್ದು ನಾನೇ. ತಟ್ಟೆ ಖಾಲಿ ಎಂದು ರೂವಿಯಲ್ಲಿ ಕೂತೇ ಗೊತ್ತಾಯಿತು.

ಆ ದಿನ ಒಬ್ಬರ ಮೇಲಿನ ಹಲ್ಲಿನ ಫೈಲನ್ನು ಇನ್ನೊಬ್ಬರ ಕೆಳಗಿನ ಹಲ್ಲಿಗೆ ಕೊಟ್ಟೆ. ಡಾಕ್ಟರು ಬೇಗ ಮನೆಗೆ ಕಳಿಸಿದರು.

ಬಾಗಿಲಲ್ಲಿ ನಿಂತು ಚೀಲದಿಂದ ತಟ್ಟೆ ತೆಗೆದೆ. ತೊಳೆದು, ಒರೆಸಿ, ಹೊಳೆಯುವಂತೆ ಮಾಡಿ ಕಳಿಸಿದ್ದರು. ಅದೇ ಹೆಚ್ಚು ಚುಚ್ಚಿತು. ನಾನೇನು ಮಾಡಿದೆ ಎಂದು ಯೋಚಿಸುತ್ತ ನಿಂತಿರುವಾಗ ಬೆಲ್ ಮಾತಾಡಿತು. ನನ್ನ ಮಗಳು ಅನ್ವಿತಾಳ ದನಿಯಲ್ಲಿ, ಇಂಗ್ಲಿಷಿನಲ್ಲಿ.

"ವೇಯ್ಟ್ ಯಾ, ಮೈ ಮದರ್ ಈಸ್ ಜಸ್ಟ್ ಸ್ಟ್ಯಾಂಡಿಂಗ್ ಔಟ್‌ಸೈಡ್ ವಿತ್ ಎ ಪ್ಲೇಟ್. ಸೋ ವಿಯರ್ಡ್."

ಒಳಗೆ ನುಗ್ಗಿದೆ. ಅನ್ವಿತಾ ಕೋಣೆಯಲ್ಲಿ ಟ್ಯಾಬಿನಲ್ಲಿ ಆಪ್ ತೆರೆದಿಟ್ಟುಕೊಂಡು ಗೆಳತಿಯೊಡನೆ ಫೋನಿನಲ್ಲಿದ್ದಳು. ನೀನು ಇಲ್ಲಿ ಹೇಳಿದ್ದು ಹೊರಗೆ ಹೇಗೆ ಕೇಳಿತು ಎಂದು ಕೇಳಿದೆ. ಅವಳು ನನ್ನನ್ನು ಮ್ಯೂಸಿಯಮ್ಮಿನ ವಸ್ತುವಿನಂತೆ ನೋಡಿ, ಆಪ್ ತೆರೆದರೆ ಸಾಕು ಮೈಕೂ ತೆರೆಯುವ ಹಾಗೆ ನೀನೇ ಹೂಂ ಒತ್ತಿದ್ದೀಯಲ್ಲ ಎಂದಳು. ಮೊದಲ ದಿನದಿಂದಲೂ ಹಾಗೆಯೇ ಅಂತೆ.

"ಮತ್ತೆ ನೀನು ನನಗೆ ಯಾಕೆ ಹೇಳಲಿಲ್ಲ?"

"ಐ ಥಾಟ್ ಯು ವರ್ ಟಾಕಿಂಗ್ ಟು ದೆಮ್, ಅಮ್ಮ. ಯು ಆಲ್ವೇಸ್ ಟಾಕ್ ಲೈಕ್ ದಟ್."

ನಾನು ಸೋಫಾದಲ್ಲಿ ಕೂತೆ. ಮೂರು ವಾರ ನಾನು ಕಾರಿಡಾರನ್ನು ನೋಡುತ್ತಿದ್ದೆ ಎಂದುಕೊಂಡಿದ್ದೆ. ಕಾರಿಡಾರು ನನ್ನನ್ನು ಕೇಳುತ್ತಿತ್ತು! ವಾಚ್‌ಮನ್ ಸಲಾಂ ಹೊಡೆದದ್ದು, ಮೂರನೇ ಮಹಡಿಯವಳು ಓಡಿದ್ದು, ಎಲ್ಲರ ಸೆರಗು ಕಾಲರು, ಒಂದೊಂದಕ್ಕೂ ಅರ್ಥ ಬಂತು. ಗೋಡೆಯೊಳಗಿಂದ "ನೆಕ್ಸ್ಟ್" ಎಂದು ಕೂಗಿದರೆ ಯಾರು ತಾನೇ ಓಡುವುದಿಲ್ಲ? ಕೊನೆಗೆ ಕಲ್ತಪ್ಪದ ಮಾತು ನೆನಪಾಯಿತು. ಆಮೇಲೆ ಬೇರೇನೂ ನೆನಪಾಗಲಿಲ್ಲ.

ಫ್ರಿಜ್ಜಿನಲ್ಲಿ ಝೊಹರಕ್ಕನ ತಟ್ಟೆ ಇತ್ತು, ಅದರಲ್ಲಿ ಕಳೆದ ವಾರದ ಅರ್ಧ ಕಲ್ತಪ್ಪ. ನಿಂತಲ್ಲೇ ತಿಂದು ಮುಗಿಸಿದೆ. ಶಿಕ್ಷೆ ಎಂದು ತಿಂದದ್ದು, ಆದರೆ ರುಚಿಯಾಗಿತ್ತು. ತಟ್ಟೆ ತೊಳೆದು, ಗೋಳಿಬಜೆ ಕರಿದು, ಬಿಸಿ ಬಿಸಿಯಾಗಿ ತುಂಬಿಸಿಕೊಂಡು ಎದುರು ಬಾಗಿಲು ತಟ್ಟಿದೆ.

ಝೊಹರಕ್ಕ ಶಾಲು ಹೊದ್ದೇ ಬಾಗಿಲು ತೆರೆದರು. ನಾನು ಮೈಕಿನ ಕತೆಯನ್ನು ತಲೆಬುಡ ಸೇರಿಸಿ ಹೇಳಿದೆ. ನಿಮಗೆ ಕೇಳಿಸುತ್ತದೆಂದು ಗೊತ್ತಿರಲಿಲ್ಲ ಎಂದೂ ಹೇಳಿದೆ. ಹೇಳಿದ ಮೇಲೆ, ಅದೇನು ದೊಡ್ಡ ಸಮರ್ಥನೆಯಲ್ಲ ಎಂದು ನನಗೇ ಅನಿಸಿತು.

"ನೀವು ಮುಖಕ್ಕೆ ಹೇಳುವವರು ಅಂತ ನನಗೆ ಗೊತ್ತುಂಟು," ಎಂದರು ಅವರು. "ಕಲ್ತಪ್ಪ ಹೆಚ್ಚಾಯ್ತು ಅಂತ ಮುಖಕ್ಕೇ ಹೇಳಬಹುದಿತ್ತು. ನಾನು ನಗಾಡಿ ಸುಮ್ಮನಿರ್ತಿದ್ದೆ. ಗೋಡೆಯ ಬಾಯಲ್ಲಿ ಹೇಳಿಸಿದ್ದು ಬೇಸರ ಆಯ್ತು."

ನಾನು ತಟ್ಟೆ ಮುಂದೆ ಹಿಡಿದೆ, ಅವರು ತೆಗೆದುಕೊಳ್ಳಲಿಲ್ಲ.

"ಅದಕ್ಕಿಂತ ಇನ್ನೊಂದು ಉಂಟು, ವಾರಿಜಕ್ಕ. ಹನ್ನೊಂದು ವರ್ಷ ಈ ಬಾಗಿಲಿಗೆ ಬರ್ಲಿಕ್ಕೆ ನಾನು ತಲೆಗೆ ಬಟ್ಟೆ ಹಾಕಿದವಳಲ್ಲ. ಎದುರು ನಿಮ್ಮ ಬಾಗಿಲಲ್ವಾ ಅಂತ."

ಬೆಲ್ಲನ್ನು ಈಗಲೇ ಕಿತ್ತು ಎಸೆಯುತ್ತೇನೆ ಎಂದು ತಿರುಗಿದೆ. ಆಗ ನೆನಪಾಯಿತು, ಅದರ ಹಿಂದೆ ಅಂಗೈಯಗಲ ಬಣ್ಣ ಎದ್ದ ಗೋಡೆ ಇದೆ. ಕಿತ್ತರೆ ಮಾಲೀಕರಿಗೆ ಉತ್ತರ ಹೇಳಬೇಕು. ನಾನು ಬೆಲ್ಲಿನ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟೆ. ಝೊಹರಕ್ಕ ನನ್ನ ಮುಖ ನೋಡಿದರು, ಗೋಡೆ ನೋಡಿದರು. ತುಟಿಯ ತುದಿಯಲ್ಲಿ ನಗು ಬಂತು.

"ನಿಮ್ಮ ಒಂದು ಬಿಂದಿ ಕೊಡಿ," ಎಂದರು.

ಹಣೆಯಿಂದಲೇ ತೆಗೆದು ಕೊಟ್ಟೆ. ಅವರು ಅದನ್ನು ಕ್ಯಾಮೆರಾದ ಕಣ್ಣಿಗೆ ಒತ್ತಿ, ಹೆಬ್ಬೆರಳಿನಿಂದ ಸರಿಯಾಗಿ ಕೂರಿಸಿದರು. "ಕಣ್ಣಿಗೆ ಆಯ್ತು," ಎಂದರು. "ಬಾಯಿಯದ್ದು ನೀವೇ ನೋಡಿಕೊಳ್ಳಿ." ಆಮೇಲೆ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡು, ನನ್ನ ಕೈಯಿಂದ ಗೋಳಿಬಜೆ ತೆಗೆದುಕೊಂಡರು. ಸೋಡಾ ಜಾಸ್ತಿಯಾಗಿದೆ ಎಂದು ಮುಖಕ್ಕೇ ಹೇಳಿದರು. ಅಷ್ಟು ಸಂತೋಷ ಕೊಟ್ಟ ಟೀಕೆಯನ್ನು ನಾನು ಕೇಳಿಲ್ಲ.

ಅದೇ ಸಂಜೆ ಅನ್ವಿತಾಳಿಂದ ಆಪಿನ ಮೈಕ್ ಆಫ್ ಮಾಡಿಸಿದೆ. ನಮ್ಮ ಬೆಲ್ ಈಗ ಕುರುಡಿ, ಮೂಗಿ. ಕಿವಿ ಮಾತ್ರ ಉಳಿದಿದೆ, ಬೆಲ್ ಒತ್ತಿದವರು ಆಡಿದ ಮಾತು ನನ್ನ ಫೋನಿಗೆ ಬರುತ್ತದೆ. ಮುಂದಿನ ಸೋಮವಾರ ಕ್ಲಿನಿಕ್ಕಿನಲ್ಲಿ ಫೋನ್ ಗುಂಯ್ ಎಂದಿತು. ತೆರೆದರೆ ಪರದೆಯ ತುಂಬ ಬಿಂದಿಯ ಕತ್ತಲೆ, ಅದರೊಳಗಿಂದ ಝೊಹರಕ್ಕನ ದನಿ.

"ವಾರಿಜಕ್ಕಾ, ಕಲ್ತಪ್ಪ ಮಾಡಿದ್ದೇನೆ. ಫ್ರಿಜ್ಜಿನಲ್ಲಿ ಜಾಗ ಉಂಟಾ?"

ನನಗೆ ಹೃದಯ ತುಂಬಿ ಬಂತು. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ನಿಮ್ಮ ಕಲ್ತಪ್ಪದಂಥ ಕಲ್ತಪ್ಪ ಮಸ್ಕತ್ತಿನಲ್ಲೇ ಇಲ್ಲ ಎಂದೆ. ದೇಶದ ಆ ತುದಿಯ ಸಲಾಲಾದಲ್ಲೂ ಇಲ್ಲ ಎಂದೆ. ಹನ್ನೊಂದು ವರ್ಷ ತಿಂದರೂ ಒಂದು ಸಲ ಹೊಗಳದ ನಾನು ಎಂಥವಳು ಎಂದು ಪೂರ್ತಿ ಎರಡು ನಿಮಿಷ ಹೇಳಿದೆ. ಆ ಕಡೆಯಿಂದ ಉತ್ತರವಿಲ್ಲ. ಬೇಸರ ಇನ್ನೂ ಹೋಗಿಲ್ಲವೇನೋ ಎಂದು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ.

ಆಮೇಲೆ ನೆನಪಾಯಿತು. ಮೈಕ್ ಆಫ್ ಮಾಡಿಸಿದ್ದೆ.

ಬೈದದ್ದನ್ನೆಲ್ಲ ಮನೆಮನೆಗೆ ಮುಟ್ಟಿಸಿದ ಯಂತ್ರ ಹೊಗಳಿದ್ದರಲ್ಲಿ ಒಂದಕ್ಷರವನ್ನೂ ದಾಟಿಸಿರಲಿಲ್ಲ. ಕೇಳಿಸಿಕೊಂಡದ್ದು ಕ್ಲಿನಿಕ್ಕಿನಲ್ಲಿ ಕೂತಿದ್ದ ಎಂಟು ಮಂದಿ ಮಾತ್ರ. ಅವರಲ್ಲಿ ಒಬ್ಬರು ನಮ್ಮ ಉಡುಪಿ ಕಡೆಯವರು, ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ಇಟ್ಟು ಕೂತಿದ್ದರು. ಎದ್ದು ನನ್ನ ಮೇಜಿನ ಹತ್ತಿರ ಬಂದು, ಕಷ್ಟಪಟ್ಟು ಹತ್ತಿ ಸರಿಸಿ, ಆ ಕಲ್ತಪ್ಪ ಎಲ್ಲಿ ಸಿಗುತ್ತದೆ ಮೇಡಂ ಎಂದು ಕೇಳಿದರು.

ವಿಳಾಸ ಕೊಡಲಿಲ್ಲ. ಖಾಸಗಿ ವಿಷಯ ಎಂದೆ.